ತಾರೀಖಿಲ್ಲದ ವ್ಯಂಗ್ಯಚಿತ್ರ

ವ್ಯಂಗ್ಯಚಿತ್ರದ ಆಯುಷ್ಯ ಒಂದೇ ದಿನ ಅಂತಾರೆ. ಮರುದಿನ ಅದೇ ಪತ್ರಿಕೆಯಲ್ಲಿ ಕಡಲೆಕಾಯಿ ಕಟ್ಟುತ್ತಾರೆ. ಹಾಗಾದರೆ ಅದನ್ನು ಕೂಡಿಡುವುದೇಕೆ?

ಆರ್. ಕೆ. ಲಕ್ಷ್ಮಣ್ ಅವರನ್ನೇ ತೆಗೆದುಕೊಳ್ಳೋಣ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಮುಂಬಯಿಯ ಜೆ. ಜೆ. ಕಲಾಶಾಲೆ ಸೇರಿಸಿಕೊಳ್ಳಲಿಲ್ಲ, ಮಹಾರಾಜಾ ಕಾಲೇಜಿನಲ್ಲಿ ಓದಿದರು. ರಾಶಿಯವರ 'ಕೊರವಂಜಿ'ಗೆ ಚಿತ್ರ ಬರೆದರು. ಆಮೇಲೆ ಮುಂಬಯಿಯ 'ಫ್ರೀ ಪ್ರೆಸ್ ಜರ್ನಲ್', ಅಲ್ಲಿಂದ 'ಟೈಮ್ಸ್ ಆಫ್ ಇಂಡಿಯಾ'. ಚೌಕಳಿ ಕೋಟಿನ ಅವರ 'ಶ್ರೀಸಾಮಾನ್ಯ' ಮಾತಾಡುವುದಿಲ್ಲ, ಸುಮ್ಮನೆ ನೋಡ್ತಾನೆ. 2015ರಲ್ಲಿ ಲಕ್ಷ್ಮಣ್ ಪುಣೆಯಲ್ಲಿ ತೀರಿಕೊಂಡರು. ಅಲ್ಲಿನ ಬಾಲೇವಾಡಿಯಲ್ಲಿ 2022ರಲ್ಲಿ ಅವರ ಹೆಸರಿನ ಸಂಗ್ರಹಾಲಯ ತೆರೆಯಿತು. ಸಾತಪುರದ ನಮಗೆ ಅದೇನು ದೂರವಲ್ಲ.

ಹಳೆಯ ಚಿತ್ರ ನೋಡುವಾಗ ಮೊದಲು ತಾರೀಖು ಕೇಳಿ. 1975ರ ಜೂನ್‌ಗೆ ಮುಂಚಿನದೋ, ನಂತರದ್ದೋ? ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳಿಗೆ ಸೆನ್ಸಾರ್ ಇತ್ತು. ಅಂಥ ಕಾಲದಲ್ಲಿ ಏನು ಬರೆದರು ಎಂಬಷ್ಟೇ, ಏನು ಬರೆಯಲಾಗಲಿಲ್ಲ ಎಂಬುದೂ ಮುಖ್ಯ.

ನಮ್ಮಜ್ಜ ಕತ್ತರಿಸಿಟ್ಟ ಲಕ್ಷ್ಮಣ್ ಚಿತ್ರಗಳು ಒಂದು ಡಬ್ಬಿ ತುಂಬ ಇವೆ. ಒಂದರಲ್ಲೂ ತಾರೀಖಿಲ್ಲ. ಅಜ್ಜ ಯಾಕೆ ನಕ್ಕರು ಅಂತ ಹೇಳೋಕೆ ಈಗ ಅವರೂ ಇಲ್ಲ. ಕಾಮರ್ಸ್ ಓದುವ ನಾವು ತಾರೀಖಿಲ್ಲದ ವೋಚರನ್ನು ಲೆಕ್ಕಕ್ಕೆ ಹಿಡಿಯೋಲ್ಲ. ಮಿತ್ರರೇ, ಚಿತ್ರ ಕತ್ತರಿಸುವಾಗ ತಾರೀಖನ್ನೂ ಉಳಿಸಿರಿ.