ಆನ್‌ಲೈನ್ ಹರಾಜಿನಲ್ಲಿ ಹಳೆಯ ಕಾರು, ಟ್ರಾಕ್ಟರುಗಳ ಕ್ರಯ-ವಿಕ್ರಯ

ಹಳೆಯ ಕಾರು, ಟ್ರಾಕ್ಟರುಗಳನ್ನು ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವ ಪದ್ಧತಿಯು ರೈತರಲ್ಲಿಯೂ ಹರಡುತ್ತಿದೆ. ಇದರಿಂದ ಹುಟ್ಟುವ ವ್ಯಾಜ್ಯಗಳಿಗೆ ಎರಡು ಕಾರಣಗಳು ಮುಖ್ಯವಾದುವು: ಕಣ್ಣಾರೆ ನೋಡದೆ ಬೆಲೆ ಕೂಗುವುದು, ಹಣ ಸಂದ ಮೇಲೆ ಹೆಸರು ವರ್ಗಾಯಿಸದಿರುವುದು.

1. ಕೊಳ್ಳುವವರಿಗೆ: ಹಲ್ಲು ನೋಡದೆ, ನಡೆಸಿ ನೋಡದೆ ಎತ್ತನ್ನು ಯಾರೂ ಕೊಳ್ಳುವುದಿಲ್ಲ. ವಾಹನಕ್ಕೂ ಇದೇ ನಿಯಮವು ಸಲ್ಲುತ್ತದೆ. "ಇದ್ದ ಸ್ಥಳದಲ್ಲಿ, ಇದ್ದ ಸ್ಥಿತಿಯಲ್ಲಿ" ಎಂಬ ಷರತ್ತು ಇಂಥ ಹರಾಜುಗಳಲ್ಲಿ ಸಾಮಾನ್ಯವಾದುದರಿಂದ, ತರುವಾಯ ಕಂಡ ದೋಷಕ್ಕೆ ಪರಿಹಾರ ದೊರೆಯುವುದು ಕಷ್ಟ. ಆದಕಾರಣ ಬಲ್ಲ ಮೆಕ್ಯಾನಿಕನೊಡನೆ ಮುಂಚಿತವಾಗಿ ಹೋಗಿ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ನೋಂದಣಿ ಪತ್ರದೊಡನೆ ತಾಳೆ ನೋಡತಕ್ಕದ್ದು. ಸಾಲದ ಬಾಕಿಯಿದೆಯೇ ಎಂಬುದನ್ನೂ ವಿಚಾರಿಸಬೇಕು. ಮಾರುವವನು ಬೆಲೆ ಏರಿಸಲು ಸುಳ್ಳು ಕೂಗು ಹಾಕಿಸಿದ್ದಲ್ಲಿ, 1930ರ ಸರಕು ಮಾರಾಟ ಅಧಿನಿಯಮದ 64ನೆಯ ಪ್ರಕರಣದಂತೆ ಕೊಂಡವನು ವ್ಯವಹಾರವನ್ನು ರದ್ದುಪಡಿಸಬಹುದು.

2. ಮಾರುವವರಿಗೆ: ವಾಹನವು ಕೈಬಿಟ್ಟ ಮಾತ್ರಕ್ಕೆ ಹೊಣೆಯು ತೀರುವುದಿಲ್ಲ. ನೋಂದಣಿಯಲ್ಲಿ ಹೆಸರುಳ್ಳವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು.

ಗ್ರಾಮದ ಮುಖಂಡರು ಈ ಎರಡು ವಿಷಯಗಳನ್ನು ರೈತರಿಗೆ ಮನದಟ್ಟು ಮಾಡಿಕೊಟ್ಟಲ್ಲಿ, ಅನೇಕ ವ್ಯಾಜ್ಯಗಳು ಹುಟ್ಟುವ ಮೊದಲೇ ಅಡಗುವುವು.