ಒಣಸೀಮೆಯ ಕಾಯಿಪಲ್ಲೆ ಮಡಿಗಳು: ಒಂದು ವಿವೇಚನೆ

ಕೈತೋಟದ ಮಾತು ಬಂದಾಗ ‘ಮಡಿ’, ‘ಪಾತಿ’ ಎಂಬ ಎರಡು ಶಬ್ದಗಳನ್ನು ಒಂದರ ಸ್ಥಾನದಲ್ಲಿ ಮತ್ತೊಂದನ್ನಿಟ್ಟು ನಾವು ಬಳಸುವುದುಂಟು. ಆದರೆ ಮಣ್ಣನ್ನು ಹದಗೊಳಿಸಿ ಕಟ್ಟಿದ ನೆಲವು ಮಡಿ. ಸುತ್ತಲೂ ಅಂಚು ಕಟ್ಟಿ ನೀರನ್ನು ನಿಲ್ಲಿಸಿಕೊಳ್ಳುವ ತಗ್ಗು ಪಾತಿ. ಸಂಸ್ಕೃತದಲ್ಲಿ ಗಿಡದ ಬುಡದ ಇಂಥ ತಗ್ಗನ್ನೇ ಆಲವಾಲವೆಂದರು. ಈ ಭೇದವನ್ನು ನಿಘಂಟಿನಲ್ಲಿ ಅರಿತಿದ್ದ ನಾನು ನೆಲದಲ್ಲಿ ಅರಿಯದೆ ಹೋದುದರ ಫಲವನ್ನು ನಮ್ಮ ಪ್ರಸಾದನಿಲಯದ ಮಕ್ಕಳು ಒಂದು ಬೇಸಗೆಯೆಲ್ಲ ಉಣ್ಣಬೇಕಾಯಿತು.

ನಿಲಯದ ಹಿಂಬದಿಯ ತೋಟದ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದ ವರ್ಷ, ಎಲ್ಲಿಯೋ ಕಂಡ ಚಿತ್ರವನ್ನು ನೆಚ್ಚಿ, ಫರಸಿ ಕಲ್ಲುಗಳನ್ನು ನಿಲ್ಲಿಸಿ ಎರಡು ಮೊಳ ಎತ್ತರದ ಮಡಿಗಳನ್ನು ಕಟ್ಟಿಸಿದೆನು. ಮಳೆಗಾಲದಲ್ಲಿ ಅವು ಸೊಗಸಾಗಿಯೇ ಬಂದವು. ಸುತ್ತಣ ಎರೆಭೂಮಿಯಲ್ಲಿ ನೀರು ನಿಂತು ಗಿಡಗಳ ಬೇರು ಕೊಳೆಯುತ್ತಿದ್ದಾಗ ನಮ್ಮ ಮೆಂತ್ಯ, ಬದನೆಗಳು ನಳನಳಿಸುತ್ತಿದ್ದವು. ನಾಲ್ವರು ಹೊಗಳಿದರು, ನಾನೂ ಹಿಗ್ಗಿದೆನು. ಫಾಲ್ಗುಣ ಬಂದಿತು. ದಿನಕ್ಕೆರಡು ಹೊತ್ತು ನೀರೆರೆದರೂ ನಡುಹಗಲಿಗೆ ಎಲೆಗಳು ಜೋತುಬೀಳತೊಡಗಿದವು. ನೀರು ಹೊರುವ ಹಿರಿಯರೊಬ್ಬರು ಸಂಕೋಚದಿಂದಲೇ, “ಗುರುಗಳ, ಇದು ಮಳಿಗಾಲದ ಮಡಿ ಐತ್ರಿ. ಬ್ಯಾಸಿಗ್ಯಾಗ ನೀರು ನಿಲ್ಲಾಕ ತಗ್ಗು ಬೇಕ್ರಿ” ಎಂದರು. ನಾನು ಕಿವಿಗೊಡಲಿಲ್ಲ. ಚೈತ್ರದ ಹೊತ್ತಿಗೆ ಅಡುಗೆಮನೆಗೆ ಒಂದು ಹಿಡಿ ಸೊಪ್ಪೂ ಹೋಗದಂತಾಯಿತು.

ಕಾರಣವು ಸರಳವಾದುದು. ಎತ್ತರಿಸಿದ ಮಣ್ಣು ಮೇಲಿನಿಂದ ಮಾತ್ರವಲ್ಲದೆ ನಾಲ್ಕು ಪಕ್ಕಗಳಿಂದಲೂ ಕಾಯುತ್ತದೆ. ಬಿಸಿಲುಂಡ ಕಲ್ಲು ಸಂಜೆಯ ಮೇಲೂ ಒಳಗಿನ ಬೇರಿಗೆ ಶಾಖವನ್ನೂಡುತ್ತದೆ. ಎರೆದ ನೀರು ಬೇಗನೆ ಕೆಳಕ್ಕೆ ಬಸಿದುಹೋಗುತ್ತದೆ. ಹಾಗೆಂದು ಮಡಿಯನ್ನು ಏರಿಸಲೇಬಾರದೆಂದಲ್ಲ. ವಿಜಯಪುರ, ಬಾಗಲಕೋಟೆಗಳ ಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ. ಅದರಲ್ಲಿ ಸಪ್ಟೆಂಬರಿನದೇ ದೊಡ್ಡ ಪಾಲು. ನೆನೆದಾಗ ಉಬ್ಬಿ ಗಾಳಿಗೆ ಎಡೆಗೊಡದ, ಒಣಗಿದಾಗ ಬಿರಿದು ಬೇರನ್ನೇ ಹರಿಯುವ ಎರೆಮಣ್ಣು ನಮ್ಮದು. ಆದುದರಿಂದ ಮಡಿಯೂ ಬೇಕು, ಪಾತಿಯೂ ಬೇಕು. ಮಡಿಯ ನೆತ್ತಿಯ ಮೇಲೆ ಪಾತಿಯನ್ನು ಕೂರಿಸುವುದೇ ಈ ಸೀಮೆಗೆ ತಕ್ಕ ಕ್ರಮ.

ಮಡಿಯ ಅಗಲ ನಾಲ್ಕು ಅಡಿಯನ್ನು ಮೀರಬಾರದು. ಎರಡೂ ಬದಿಯಿಂದ ಕೈ ಚಾಚಿದರೆ ನಡುವಿನ ಕಳೆ ಸಿಗಬೇಕು, ಒಳಗೆ ಕಾಲಿಡುವ ಪ್ರಸಂಗ ಬರಬಾರದು. ಉದ್ದವು ಸ್ಥಳವಿದ್ದಂತೆ. ನಡೆದಾಡಲು ಮಡಿಗಳ ನಡುವೆ ಒಂದು ಮೊಳ ಬಿಟ್ಟರೆ ಸಾಕು. ಮೊದಲು ನೆಲವನ್ನು ಒಂದು ಮೊಳ ಆಳಕ್ಕೆ ಅಗೆದು ಸಡಿಲಿಸಬೇಕು. ಇದೇ ಮುಖ್ಯವಾದ ಕೆಲಸ, ಎಲ್ಲರೂ ತಪ್ಪಿಸಿಕೊಳ್ಳುವ ಕೆಲಸವೂ ಇದೇ. ಅಗೆದ ಎರೆಮಣ್ಣು ಎರಡು ಪಾಲು, ಮಸಾರಿ ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು ಬೆರೆಸಿ ತುಂಬಿದಾಗ ಮಡಿಯು ನೆಲದಿಂದ ಒಂದು ಗೇಣು ಮಾತ್ರ ಮೇಲೇಳಬೇಕು. ಒಲೆಯ ಬೂದಿಯನ್ನು ಸುರಿಯುವ ರೂಢಿಯನ್ನು ಇಲ್ಲಿ ಬಿಡುವುದು ಲೇಸು. ಎರೆಮಣ್ಣು ಮೊದಲೇ ಕ್ಷಾರಗುಣದ್ದು. ಅಂಚನ್ನು ಮಣ್ಣಿನಿಂದಲೇ ಮೂರು ಅಂಗುಲ ಎತ್ತರಿಸಿ ಬಡಿದು ಗಟ್ಟಿಮಾಡಿದರೆ ಮೇಲ್ಮೈಯೆಲ್ಲ ಒಂದು ಪಾತಿಯಾಗುತ್ತದೆ. ಜಡಿಮಳೆ ಹಿಡಿದಾಗ ಇಳುಕಲಿನ ಕಡೆ ಅಂಚನ್ನು ಕಡಿದು ನೀರು ಬಿಡುವುದು. ಮಳೆ ನಿಂತೊಡನೆ ಮುಚ್ಚುವುದು.

ನೀರೆರೆದ ಮೇಲೆ ಬರಿಯ ಮಣ್ಣು ಕಾಣಬಾರದು. ಒಳ್ಳೆಯ ಕಣಿಕೆ ದನಗಳ ಪಾಲು, ಅದನ್ನು ಕಸಿಯುವಂತಿಲ್ಲ. ಗೋದಲೆಯಲ್ಲಿ ಅವು ಉಳಿಸಿದ ದಂಟನ್ನು ಕೊಚ್ಚಿ ನಾಲ್ಕು ಅಂಗುಲ ದಪ್ಪಕ್ಕೆ ಹೊದಿಸಿದರಾಯಿತು. ಪಡುವಣ ಬದಿಗೆ ನುಗ್ಗೆಯ ಸಾಲಿದ್ದರೆ ಇಳಿಹೊತ್ತಿನ ಬಿಸಿಲು ಮುರಿಯುತ್ತದೆ.

ಸವತೆ, ಹೀರೆಯಂಥ ಬಳ್ಳಿಗಳಿಗೆ ಗಡಿಗೆಯ ಉಪಾಯವುಂಟು. ಬಣ್ಣ ಬಳಿಯದ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಹೂಳಿ, ನೀರು ತುಂಬಿ, ಬಾಯಿ ಮುಚ್ಚಿ, ಸುತ್ತಲೂ ಬೀಜವನ್ನೂರುವುದು. ಸುತ್ತಣ ಮಣ್ಣು ಆರಿದಷ್ಟೂ ಗಡಿಗೆ ಜಿನುಗುತ್ತದೆ. ಚೀನದೇಶದಲ್ಲಿ ಕ್ರಿಸ್ತಪೂರ್ವ ಒಂದನೆಯ ಶತಮಾನದ ಫಾನ್ ಷೆಂಗ್‌ಝಿಯ ಕೃಷಿಗ್ರಂಥದಲ್ಲಿಯೇ ಈ ಕ್ರಮದ ವರ್ಣನೆಯಿದೆ. ನಮ್ಮಲ್ಲಿ ಕುಂಬಾರರ ಅಂಗಳದಲ್ಲಿ ಕಂಠ ಒಡೆದು ಬದಿಗಿಟ್ಟ ಗಡಿಗೆಗಳೇ ಈ ಕೆಲಸಕ್ಕೆ ಸಾಕಾದವು.

ಹಳೆಯ ಫರಸಿ ಕಲ್ಲುಗಳನ್ನು ಕಿತ್ತು ನಡೆದಾಡುವ ದಾರಿಗೆ ಹಾಸಿದೆವು. ಮರುವರ್ಷದ ಚೈತ್ರದಲ್ಲಿ ಮೊದಲ ಪುಂಡಿಪಲ್ಯದ ಕಟ್ಟುಗಳನ್ನು ಅಡುಗೆಮನೆಗೆ ಹೊತ್ತು ತಂದವರು ಆ ಹಿರಿಯರೇ.