ಸುತ್ತುರೆಕ್ಕೆಯ ವಿಮಾನ: ನಕ್ಷೆಯಿಂದ ಮಾದರಿಗೆ

ಗಗನಗಮನದ ಬಯಕೆ ಮಾನವನಿಗೆ ಪುರಾತನವಾದುದು. ಪುಷ್ಪಕದ ವರ್ಣನೆಯನ್ನು ಕೇಳಿ ಬೆಳೆದ ಬಾಲಕನು ಮಹಡಿಯ ಮೇಲಿನಿಂದ ಕಾಗದದ ಹಕ್ಕಿಯನ್ನು ಹಾರಿಬಿಡುವಾಗ ಅವನ ಕೈಯಲ್ಲಿ ಆಡುವುದು ಆ ಬಯಕೆಯೇ. ಆದರೆ ಬಯಕೆಗೂ ಹಾರುವ ವಸ್ತುವಿಗೂ ನಡುವೆ ಒಂದು ಹಾಳೆಯುಂಟು. ಅದಕ್ಕೆ ನಕ್ಷೆಯೆಂದು ಹೆಸರು. ನಕ್ಷೆಯನ್ನು ಓದಿ, ಅದರಂತೆ ಕೈಯಾರೆ ರೇಡಿಯೋ ನಿಯಂತ್ರಿತ ಆಟೋಜೈರೋ ಮಾದರಿಯೊಂದನ್ನು ಕಟ್ಟುವ ಬಗೆ ಎಂತಹುದು, ಅದರಿಂದ ವಿದ್ಯಾರ್ಥಿಗೆ ಲಭಿಸುವುದೇನು ಎಂಬುದು ಪ್ರಕೃತ ಲೇಖನದ ವಿಷಯ.

ತಟ್ಟೆ ಇಡ್ಲಿಗೆ ಹೆಸರಾಗಿದ್ದ ಬಿಡದಿ ಇಂದು ಯಂತ್ರಾಗಾರಗಳ ಊರಾಗಿದೆ. ಟೊಯೊಟ ಕಿರ್ಲೋಸ್ಕರ್ ಸಂಸ್ಥೆ 1997ರಲ್ಲಿ ಸ್ಥಾಪನೆಗೊಂಡು ಇಲ್ಲಿ ಮೋಟಾರು ವಾಹನಗಳ ತಯಾರಿಕೆಯನ್ನು ಕೈಗೊಂಡಿತು. ಅದರ ತಾಂತ್ರಿಕ ತರಬೇತಿ ಸಂಸ್ಥೆ 2007ರಲ್ಲಿ ಆರಂಭವಾಯಿತು. ಹತ್ತನೆಯ ತರಗತಿಯನ್ನು ಮುಗಿಸಿದ ಗ್ರಾಮೀಣ ವಿದ್ಯಾರ್ಥಿಗಳನ್ನು ಆರಿಸಿ, ಮೂರು ವರ್ಷಗಳ ಕಾಲ ವಸತಿಸಹಿತವಾಗಿ ಶಿಕ್ಷಣವೀಯುವುದು ಅದರ ಕ್ರಮ. ಇಂತಹ ಬಾಗಿಲುಗಳ ಮುಂದೆ ನಿಲ್ಲುವವರಲ್ಲಿ ಕನ್ನಡ ಮಾಧ್ಯಮದ ಮಕ್ಕಳೂ ಇದ್ದಾರೆ. ಅವರಿಗೆ ಎದುರಾಗುವ ಮೊದಲ ಅಪರಿಚಿತ ಭಾಷೆ ಇಂಗ್ಲಿಷೆಂದು ಹಿರಿಯರು ಭಾವಿಸುತ್ತಾರೆ. ಅದಕ್ಕಿಂತಲೂ ಅಪರಿಚಿತವಾದ ಭಾಷೆ ರೇಖೆಗಳದು. ವ್ಯಾಕರಣವನ್ನು ತಪ್ಪಿದ ವಾಕ್ಯವನ್ನು ಕೇಳುಗನು ತಿದ್ದಿಕೊಂಡಾನು. ತಪ್ಪಾಗಿ ಓದಿದ ನಕ್ಷೆಯನ್ನು ಮರವಾಗಲಿ ಕಬ್ಬಿಣವಾಗಲಿ ತಿದ್ದಿಕೊಳ್ಳದು.

ಆಟೋಜೈರೋ ಎಂದರೇನು? ಬೆಂಗಳೂರಿನ ಹಳೆಯ ಸಾಲುಮರಗಳಲ್ಲಿ ಮಹಾಗನಿಯೂ ಒಂದು. ಅದರ ಕಾಯಿ ಒಣಗಿ ಬಿರಿದಾಗ ಒಂದೇ ರೆಕ್ಕೆಯ ಬೀಜಗಳು ಗಿರಗಿರನೆ ತಿರುಗುತ್ತ ಮೆಲ್ಲಗೆ ನೆಲಕ್ಕಿಳಿಯುತ್ತವೆ. ಬೀಜದಲ್ಲಿ ಯಂತ್ರವಿಲ್ಲ. ಕೆಳಗಿನಿಂದ ಎದುರಾಗುವ ಗಾಳಿಯೇ ಅದನ್ನು ತಿರುಗಿಸುತ್ತದೆ, ಆ ತಿರುಗುವಿಕೆಯೇ ಅದನ್ನು ಎತ್ತಿ ಹಿಡಿಯುತ್ತದೆ. ಆಟೋಜೈರೋವಿನ ತತ್ತ್ವವೂ ಇದೇ. ಹೆಲಿಕಾಪ್ಟರಿನಲ್ಲಿ ಎಂಜಿನ್ನು ಮೇಲಿನ ರೆಕ್ಕೆಯನ್ನು ತಿರುಗಿಸಿ ಗಾಳಿಯನ್ನು ಕೆಳಕ್ಕೆ ನೂಕುತ್ತದೆ. ಆಟೋಜೈರೋವಿನಲ್ಲಿ ಎಂಜಿನ್ನಿಗೆ ಪ್ರೊಪೆಲ್ಲರನ್ನು ತಿರುಗಿಸಿ ವಾಹನವನ್ನು ಮುಂದಕ್ಕೆ ಒಯ್ಯುವ ಕೆಲಸ ಮಾತ್ರ. ಮೇಲಿನ ರೆಕ್ಕೆ ತುಸು ಹಿಂದಕ್ಕೆ ವಾಲಿಕೊಂಡಿರುತ್ತದೆ. ಮುಂದಿನಿಂದ ಬಂದ ಗಾಳಿ ಅದರ ಅಡಿಯಿಂದ ನುಸುಳಿ ಮೇಲಕ್ಕೆ ಹೊರಡುವಾಗ ಅದನ್ನು ತಿರುಗಿಸುತ್ತದೆ. ಹಾರುತ್ತಿರುವಾಗ ಎಂಜಿನ್ನು ನಿಂತರೆ ಹೆಲಿಕಾಪ್ಟರೂ ಇದೇ ಉಪಾಯದಿಂದ ನೆಲ ಸೇರಬೇಕು. 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌.ಎ.ಎಲ್‌. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿರುವುದರಿಂದ ಈ ವಿದ್ಯೆ ನಾಡಿನ ಮಕ್ಕಳಿಗೆ ಕೇವಲ ಕುತೂಹಲದ ವಸ್ತುವಾಗಿ ಉಳಿದಿಲ್ಲ.

ಇಲ್ಲಿ ಪದವೊಂದರ ವಿಚಾರ. ತಿರುಗುವ ಈ ರೆಕ್ಕೆಗೆ 'ಚಕ್ರರೆಕ್ಕೆ' ಎಂದು ಹೆಸರಿಡುವ ಆಸೆ ಯಾರಿಗಾದರೂ ಹುಟ್ಟಬಹುದು. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಹೀಗೆ ಗಂಟುಹಾಕುವುದು ಅರಿಸಮಾಸ, ಕೇಶಿರಾಜನು ಒಪ್ಪುವವನಲ್ಲ. 'ಸುತ್ತುರೆಕ್ಕೆ' ಎಂದರೆ ದೋಷವೂ ಇಲ್ಲ, ಬಡಗಿಗೂ ಅರ್ಥವಾಗುತ್ತದೆ. ಅದರ ಒಂದೊಂದು ಪಟ್ಟಿಗೂ 'ಅಲಗು' ಎಂಬ ಮಾತು ಸಿದ್ಧವಾಗಿಯೇ ಇದೆ. ಸರ್ವೋ, ಬ್ಯಾಟರಿ, ಪ್ರೊಪೆಲ್ಲರ್ ಇವುಗಳನ್ನು ಬದಲಿಸಹೊರಡುವುದು ವ್ಯರ್ಥ ಶ್ರಮ. ಅಂಗಡಿಯಲ್ಲಿ ಕೇಳುವಾಗ ಆ ಹೆಸರೇ ಬೇಕಾಗುತ್ತದೆ.

ಆಟೋಜೈರೋವನ್ನು ಕಂಡುಹಿಡಿದವನು ಸ್ಪೇನ್ ದೇಶದ ಹ್ವಾನ್ ದೆ ಲಾ ಸಿಯೆರ್ವಾ. ಅವನು 1895ರಲ್ಲಿ ಮುರ್ಸಿಯಾದಲ್ಲಿ ಜನಿಸಿದನು. 1919ರಲ್ಲಿ ಅವನು ರಚಿಸಿದ ಮೂರು ಎಂಜಿನ್ನುಗಳ ದೊಡ್ಡ ವಿಮಾನ ವೇಗ ಕುಂದಿದೊಡನೆ ಎತ್ತುವ ಬಲವನ್ನು ಕಳೆದುಕೊಂಡು ಬಿದ್ದು ಮುರಿಯಿತು. ವೇಗ ಕುಂದಿದರೂ ಬೀಳದ ವಿಮಾನವೊಂದು ಬೇಕೆಂಬ ಹಟ ಅಂದಿನಿಂದ ಅವನನ್ನು ಹಿಡಿಯಿತು. ಅವನು ಕಟ್ಟಿದ ಪುಟ್ಟ ಮಾದರಿ ಸೊಗಸಾಗಿ ಹಾರಿತು. ಅದೇ ಕ್ರಮದಲ್ಲಿ ಕಟ್ಟಿದ ದೊಡ್ಡ ಯಂತ್ರಗಳು ಮಾತ್ರ ಒಂದರ ಹಿಂದೊಂದು ನೆಲದ ಮೇಲೆಯೇ ಪಕ್ಕಕ್ಕೆ ಉರುಳಿದವು.

ಕಾರಣವನ್ನು ಲೆಕ್ಕದಿಂದ ತಿಳಿಯಬಹುದು. 90 ಸೆಂಟಿಮೀಟರು ವ್ಯಾಸದ ಸುತ್ತುರೆಕ್ಕೆಯೊಂದು ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡರೆ ಅಲಗಿನ ತುದಿಯ ವೇಗ ಸೆಕೆಂಡಿಗೆ ಸುಮಾರು 28 ಮೀಟರು. ವಿಮಾನವು ಸೆಕೆಂಡಿಗೆ 8 ಮೀಟರು ಮುಂದೆ ಸಾಗುತ್ತಿದ್ದರೆ, ಮುಂದಕ್ಕೆ ಬರುವ ಅಲಗಿನ ತುದಿಗೆ ತಗುಲುವ ಗಾಳಿಯ ವೇಗ 36. ಹಿಂದಕ್ಕೆ ಸರಿಯುವ ಅಲಗಿಗೆ ಬರಿಯ 20. ಎತ್ತುವ ಬಲ ವೇಗದ ವರ್ಗವನ್ನು ಅನುಸರಿಸುತ್ತದೆ. 1296ಕ್ಕೂ 400ಕ್ಕೂ ಇರುವ ಅಂತರವನ್ನು ನೋಡಿದರೆ, ಒಂದು ಪಕ್ಕ ಇನ್ನೊಂದರ ಮೂರು ಪಟ್ಟಿಗೂ ಮೀರಿದ ಬಲದಿಂದ ಮೇಲೇಳುವುದು ಸ್ಪಷ್ಟವಾಗುತ್ತದೆ. ಉರುಳದೆ ಮತ್ತೇನಾದೀತು?

ಹಾಗಾದರೆ ಪುಟ್ಟ ಮಾದರಿ ಹೇಗೆ ಹಾರಿತು? ಅದರ ಅಲಗುಗಳ ಒಳಗೆ ಇದ್ದುದು ಬೆತ್ತದ ಕಡ್ಡಿ. ಹೆಚ್ಚು ಬಲ ಬಿದ್ದ ಅಲಗು ಬಾಗಿ ಮೇಲೆದ್ದು, ಹಾಗೆ ಏಳುವಾಗಲೇ ತನ್ನ ಹೆಚ್ಚಿನ ಬಲವನ್ನು ಬಿಟ್ಟುಕೊಡುತ್ತಿತ್ತು. ದೊಡ್ಡ ಯಂತ್ರದ ಬಿಗಿಯಾದ ಅಲಗುಗಳಿಗೆ ಆ ವಿನಯವಿರಲಿಲ್ಲ. ಇದನ್ನು ಅರಿತೊಡನೆ ಸಿಯೆರ್ವಾ ಪ್ರತಿ ಅಲಗಿನ ಬುಡಕ್ಕೂ ಒಂದು ಕೀಲನ್ನು ಇಟ್ಟನು, ಬಾಗಿಲಿಗೆ ತಿರುಗಣಿಯನ್ನು ಇಟ್ಟಂತೆ. 1923ರ ಜನವರಿಯಲ್ಲಿ ಮ್ಯಾಡ್ರಿಡ್ ಬಳಿಯ ಗೆತಾಫೆಯಲ್ಲಿ ಅವನ ನಾಲ್ಕನೆಯ ಯಂತ್ರ ಹಾರಿತು. 1928ರ ಸೆಪ್ಟೆಂಬರಿನಲ್ಲಿ ಅವನು ಆಟೋಜೈರೋವಿನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದನು. ಬೀಳದ ವಿಮಾನವನ್ನು ಅರಸಿದ ಈತನು 1936ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಾಯ್ಡನ್‌ನಲ್ಲಿ, ಸಾಮಾನ್ಯ ಪ್ರಯಾಣಿಕ ವಿಮಾನವೊಂದು ಅಪಘಾತಕ್ಕೀಡಾದಾಗ ಮಡಿದನು.

ಗೆತಾಫೆಯಲ್ಲಿ ಆಟೋಜೈರೋ ಹಾರಿದ ಆ 1923ರಲ್ಲಿಯೇ ಬೆಂಗಳೂರಿನಲ್ಲಿಯೂ ವಿಮಾನಗಳ ನಕ್ಷೆಗಳು ಸಿದ್ಧವಾದವು. ಬಿಡದಿಗೆ ಮೂಡಲಲ್ಲಿರುವ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ 'ವೈಮಾನಿಕ ಶಾಸ್ತ್ರ'ಕ್ಕೆ ಟಿ. ಕೆ. ಎಲ್ಲಪ್ಪನವರು ಬರೆದ ಶಕುನ, ರುಕ್ಮ ಮೊದಲಾದ ವಿಮಾನಗಳ ಚಿತ್ರಗಳವು. ನೋಡಲು ಗಂಭೀರವಾಗಿವೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಗ್ರಂಥವನ್ನೂ ಚಿತ್ರಗಳನ್ನೂ ಪರಿಶೀಲಿಸಿ, ಗ್ರಂಥ 1904ಕ್ಕಿಂತ ಹಿಂದಿನದಲ್ಲವೆಂದೂ, ಅದರಲ್ಲಿ ವರ್ಣಿತವಾದ ಯಾವ ವಿಮಾನಕ್ಕೂ ಹಾರುವ ಗುಣವಿಲ್ಲವೆಂದೂ ತೀರ್ಮಾನಿಸಿದರು. ಭರದ್ವಾಜ ಮಹರ್ಷಿಯ ಹೆಸರಿನಲ್ಲಿ ಈ ಗ್ರಂಥವನ್ನು ಇಂದಿಗೂ ಶಾಲೆಯ ವೇದಿಕೆಗಳಲ್ಲಿ ಕೊಂಡಾಡುವವರಿದ್ದಾರೆ. ಸಂಸ್ಕೃತವನ್ನು ಬಲ್ಲವರೇ ಈ ಮಾತಿಗೆ ಮೊದಲು ತಡೆಯೊಡ್ಡಬೇಕಾಗಿತ್ತು. ಶಾಸ್ತ್ರಿಗಳ ಶ್ರದ್ಧೆಯನ್ನು ಯಾರೂ ಹಳಿಯಬೇಕಾದುದಿಲ್ಲ. ಆದರೆ ಚಿತ್ರ ಬೇರೆ, ನಕ್ಷೆ ಬೇರೆ. ಚಿತ್ರವು ನಂಬಿಕೆಯನ್ನು ಬೇಡುತ್ತದೆ. ನಕ್ಷೆಯಾದರೋ ಅಳತೆಪಟ್ಟಿಯನ್ನೂ ತಕ್ಕಡಿಯನ್ನೂ ತಂದು ತನ್ನನ್ನು ಪರೀಕ್ಷಿಸೆಂದು ಕರೆಯುತ್ತದೆ. ಒಂದು ಮಾದರಿಯನ್ನು ಕೈಯಾರೆ ಕಟ್ಟಿ, ಬೀಳಿಸಿ, ತಿದ್ದಿ ಹಾರಿಸಿದ ಬಾಲಕನಿಗೆ ಈ ಭೇದವನ್ನು ಉಪನ್ಯಾಸ ಮಾಡಿ ತಿಳಿಸಬೇಕಾಗಿಲ್ಲ.

ಇನ್ನು ನಕ್ಷೆಯ ಓದು. ಮಾದರಿ ವಿಮಾನಗಳ ನಕ್ಷೆಗಳು ಸಾಮಾನ್ಯವಾಗಿ ನಿಜಗಾತ್ರದಲ್ಲಿರುತ್ತವೆ. ಮರವನ್ನು ಅದರ ಮೇಲೆಯೇ ಇಟ್ಟು ಕತ್ತರಿಸಬಹುದು. ಆದರೆ ಮುದ್ರಣಯಂತ್ರವು ಹಾಳೆಗೆ ಹೊಂದಿಸಲು ಚಿತ್ರವನ್ನು ಸದ್ದಿಲ್ಲದೆ ಕುಗ್ಗಿಸುವುದುಂಟು. ಶೇಕಡಾ 97ಕ್ಕೆ ಕುಗ್ಗಿದರೆ ಕಣ್ಣಿಗೆ ತಿಳಿಯದು. ಸುತ್ತುರೆಕ್ಕೆಯ ವಿಸ್ತಾರ ಮಾತ್ರ ಶೇಕಡಾ 6ರಷ್ಟು ಕಡಿಮೆಯಾಗುತ್ತದೆ, ಮೋಟಾರು ಬ್ಯಾಟರಿಗಳ ತೂಕವಾದರೋ ಕುಗ್ಗುವುದಿಲ್ಲ. ಆದಕಾರಣ ನಕ್ಷೆಯಲ್ಲಿ ಅಳತೆ ಬರೆದಿರುವ ಒಂದು ಗೆರೆಯನ್ನು ಮೊದಲು ಅಳೆದು ನೋಡತಕ್ಕದ್ದು.

ಎರಡನೆಯದು ಪ್ರಕ್ಷೇಪದ ವಿಚಾರ. ಭಾರತೀಯ ಮಾನಕದಲ್ಲಿ, ಆದುದರಿಂದ ನಮ್ಮ ತಾಂತ್ರಿಕ ಶಾಲೆಗಳಲ್ಲಿ, ಮೊದಲನೆಯ ಕೋನದ ಪ್ರಕ್ಷೇಪ ರೂಢಿಯಲ್ಲಿದೆ: ವಸ್ತುವನ್ನು ಎಡಗಡೆಯಿಂದ ನೋಡಿದ ಚಿತ್ರವನ್ನು ಬಲಕ್ಕೆ ಬರೆಯುತ್ತಾರೆ. ಅಮೆರಿಕ, ಜಪಾನುಗಳ ರೂಢಿ ಮೂರನೆಯ ಕೋನದ್ದು: ಎಡನೋಟ ಎಡಕ್ಕೇ. ಹಾಳೆಯ ಮೂಲೆಯಲ್ಲಿರುವ ಮೊಟಕು ಶಂಕುವಿನ ಸಣ್ಣ ಚಿಹ್ನೆಯನ್ನು ನೋಡದೆ ಕೆಲಸಕ್ಕೆ ತೊಡಗಿದವನು ಎಡದ ಭಾಗವನ್ನು ಬಲಕ್ಕೆ ಮಾಡಿ ಮುಗಿಸುತ್ತಾನೆ. ಮಾದರಿಯಲ್ಲಿ ಇದರಿಂದ ಕೆಡುವುದು ಒಂದು ಹಲಗೆ. ಕಾರ್ಖಾನೆಯಲ್ಲಿ ಕೆಡುವುದು ಒಂದು ತಂಡದ ದಿನ.

ಒಡಲಿನ ರಚನೆ ಸುಲಭ. ನೇರವಾದ ಕಡ್ಡಿ, ಮುಂದೆ ಮೋಟಾರು, ಹಿಂದೆ ಚುಕ್ಕಾಣಿಯ ಬಾಲ, ನಡುವೆ ಕಂಬ, ಬಿದಿರಿನಿಂದಲೂ ಮಾಡಬಹುದು. ರೇಡಿಯೋ ಉಪಕರಣವನ್ನು ಕೊಂಡೇ ತರಬೇಕು. ಈಗಿನವು 2.4 ಗಿಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಜೋಡಿಸಿ ಪರೀಕ್ಷಿಸುವಾಗ ಪ್ರೊಪೆಲ್ಲರನ್ನು ಕಳಚಿಡುವುದು, ಲಿಥಿಯಂ ಬ್ಯಾಟರಿಗೆ ವಿದ್ಯುತ್ತು ತುಂಬುವಾಗ ಬಳಿಯಲ್ಲಿ ಯಾರಾದರೂ ಹಿರಿಯರು ಇರುವುದು, ಇವೆರಡರಲ್ಲಿ ಶಿಕ್ಷಕರು ಸಡಿಲ ತೋರಬಾರದು.

ಎಲ್ಲ ಜಾಣ್ಮೆ ಬೇಕಾಗುವುದು ಅಲಗುಗಳಲ್ಲಿ. ಮೂರು ಅಲಗುಗಳು; ತಳ ಚಪ್ಪಟೆ, ಬೆನ್ನು ಉಬ್ಬು. ಮುಂಚೂಣಿಗೆ ಗಟ್ಟಿಮರ, ಹಿಂಬದಿಗೆ ಹಗುರವಾದ ಬಾಲ್ಸಾ. ಗಟ್ಟಿಮರಕ್ಕಾಗಿ ದೂರ ಹೋಗಬೇಕಿಲ್ಲ. ಚನ್ನಪಟ್ಟಣದ ಬೊಂಬೆಗಳಾಗುವ ಹಾಲೆಮರದ ಎಳೆ ನಯವಾದುದು. ಕೀಸುಳಿಗೂ ಉಪ್ಪುಕಾಗದಕ್ಕೂ ಅದು ಒಲಿಯುತ್ತದೆ. ಗಟ್ಟಿಮರವನ್ನು ಮುಂದಕ್ಕೆ ಇಡುವುದು ಬರಿಯ ಬಲಕ್ಕಲ್ಲ, ತೂಕ ಮುಂದಿರಲೆಂದು. ಅಲಗಿನ ಅಗಲವನ್ನು ನಾಲ್ಕು ಪಾಲು ಮಾಡಿದರೆ ತೂಕದ ಕೇಂದ್ರ ಮೊದಲ ಪಾಲಿನ ಗಡಿಯ ಆಸುಪಾಸಿನಲ್ಲಿ ಬರಬೇಕು. ಹಿಂದಕ್ಕೆ ಸರಿದರೆ ಅಲಗು ಗಾಳಿಯಲ್ಲಿ ಬಾವುಟದಂತೆ ಅದುರಿ ಒಡೆದೀತು.

ಅಲಗನ್ನು ಕೂರಿಸುವ ಕೋನ ಆರಂಭಿಗನಿಗೆ ವಿಚಿತ್ರವಾಗಿ ತೋರುತ್ತದೆ. ಮೇಲೆತ್ತಬೇಕಾದ ರೆಕ್ಕೆಯ ಮುಂಚೂಣಿಯನ್ನು ಮೇಲಕ್ಕಲ್ಲ, ಒಂದೆರಡು ಡಿಗ್ರಿ ಕೆಳಕ್ಕೆ ಬಾಗಿಸಬೇಕು. ಆಗ ಮಾತ್ರ ಕೆಳಗಿನಿಂದ ಬಂದ ಗಾಳಿ ಅದನ್ನು ಸರಿಯಾದ ದಿಕ್ಕಿನಲ್ಲಿ ಓಡಿಸುತ್ತದೆ. ಮುಂಚೂಣಿಯನ್ನು ಎತ್ತಿದರೆ ಸುತ್ತು ಹಿಡಿಯುವುದೇ ಇಲ್ಲ. ಅತಿಯಾಗಿ ತಗ್ಗಿಸಿದರೆ ಸುತ್ತು ಉಂಟು, ಎತ್ತುವ ಬಲವಿಲ್ಲ. ಅಲಗುಗಳನ್ನು ನಡುವಿನ ಗುಂಬಕ್ಕೆ ಕೂಡಿಸುವಲ್ಲಿ ಒಂದು ಮಿಲಿಮೀಟರು ದಪ್ಪದ ಗಾಜಿನೆಳೆಯ ತಗಡನ್ನು ಬಳಸುವುದು ವಾಡಿಕೆ. ಅದು ತಾನೇ ಬಾಗಿ ಕೀಲಿನ ಕೆಲಸ ಮಾಡುತ್ತದೆ. ಸಿಯೆರ್ವಾನ ಬೆತ್ತವೇ ರೂಪಾಂತರ ಹೊಂದಿ ಇಲ್ಲಿಗೆ ಬಂದಿದೆ.

ತರುವಾಯ ತೂಕ. 20 ಗ್ರಾಂ ತೂಗುವ ಅಲಗು, ಹಿಂದೆ ಹೇಳಿದ 600 ಸುತ್ತಿನಲ್ಲಿ, ಅದರ ತೂಕದ ಕೇಂದ್ರ ನಡುವಿನಿಂದ 22 ಸೆಂಟಿಮೀಟರು ದೂರದಲ್ಲಿದ್ದರೆ, ತನ್ನ ತೂಕದ ಸುಮಾರು 90 ಪಟ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ. ಅಂದರೆ ಒಂದು ಗ್ರಾಂ ವ್ಯತ್ಯಾಸ 90 ಗ್ರಾಂ ಆಗಿ ಕಂಬವನ್ನು ಅಲುಗಿಸುತ್ತದೆ. ಆದುದರಿಂದ ಅಲಗುಗಳನ್ನು ಚಿನಿವಾರನ ತಕ್ಕಡಿಯಲ್ಲಿ ತೂಗಿ, ಹಗುರವಾದುದರ ತುದಿಗೆ ಅಂಟುಪಟ್ಟಿ ಸುತ್ತಿ ಸರಿದೂಗಿಸಬೇಕು. ಶಾಲೆಗಳಿಗೆ ಸಿದ್ಧ ಡ್ರೋನುಗಳನ್ನು ದಾನವಾಗಿತ್ತು ಭಾವಚಿತ್ರ ತೆಗೆಸಿಕೊಳ್ಳುವ ಮಹನೀಯರು ಅದರ ಜೊತೆಗೆ ಇಂತಹ ತಕ್ಕಡಿಯೊಂದನ್ನೂ, ಒಂದು ಕಟ್ಟು ಉಪ್ಪುಕಾಗದವನ್ನೂ ಕೊಡುವುದಾದರೆ ವಿದ್ಯೆಗೆ ಹೆಚ್ಚಿನ ಉಪಕಾರವಾದೀತು.

ಎಲ್ಲವನ್ನೂ ಜೋಡಿಸಿದ ಮೇಲೆ, ಬ್ಯಾಟರಿ ಸಹಿತವಾಗಿ, ಮಾದರಿಯನ್ನು ಗುಂಬದಿಂದ ದಾರದಲ್ಲಿ ತೂಗುಹಾಕಬೇಕು. ಮೂತಿ ನಕ್ಷೆಯಲ್ಲಿ ಹೇಳಿದಷ್ಟು ಕೆಳಗೆ ವಾಲಬೇಕು. ಬಾಲ ಭಾರವಾಗಿದ್ದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಬೇಕೇ ಹೊರತು, ಹಾರಿಸಿ ನೋಡಿ ತಿದ್ದೋಣವೆಂಬ ಧೈರ್ಯ ಸಲ್ಲದು.

ಹಾರಿಸುವ ತಾಣ ಕೈಗಾರಿಕಾ ಪ್ರದೇಶದ ಒಳಗಿರಬಾರದು. ಜನ, ವಾಹನ, ವಿದ್ಯುತ್ ತಂತಿ ಮೂರೂ ಅಲ್ಲಿ ದಟ್ಟವಾಗಿವೆ. 2021ರ ಡ್ರೋನ್ ನಿಯಮಗಳಲ್ಲಿ ಕಲಿಕೆಗೂ ವಿನೋದಕ್ಕೂ ಕಣ್ಣಳವಿನೊಳಗೆ ಹಾರಿಸುವ, 25 ಕಿಲೋಗ್ರಾಮಿಗೆ ಮೀರದ ಮಾದರಿಗಳ ಪ್ರಸ್ತಾಪವಿದೆ. ಹಾರಾಟಕ್ಕೆ ಮುಕ್ತವಾದ ಪ್ರದೇಶಗಳನ್ನು ಸರ್ಕಾರದ ಭೂಪಟದಲ್ಲಿ ಹಸಿರು ಬಣ್ಣದಿಂದ ಗುರುತಿಸಲಾಗಿದೆ. ಹೊರಡುವ ಮುನ್ನ ಅದನ್ನು ನೋಡಿಕೊಳ್ಳಬೇಕು.

ಗಾಳಿಗೆ ಮುಖಮಾಡಿ, ಸುತ್ತುರೆಕ್ಕೆಯನ್ನು ಹಿಂದಕ್ಕೆ ವಾಲಿಸಿ ಹಿಡಿದು ನಿಂತರೆ ಅಲಗುಗಳು ಮೊದಲು ಒಂದೊಂದಾಗಿ ಕಾಣುತ್ತವೆ, ಬಳಿಕ ಮಸುಕಾಗುತ್ತವೆ, ಕೊನೆಗೆ ತಟ್ಟೆಯಂತೆ ತೋರುತ್ತವೆ. ಆವರೆಗೆ ಕಾಯಬೇಕು. ಸುತ್ತು ಸಾಲದಿರುವಾಗ ಆತುರಪಟ್ಟು ಬಿಟ್ಟ ಮಾದರಿ, ಅಲಗು ಹಿಂದಕ್ಕೆ ಸರಿಯುವ ಪಕ್ಕಕ್ಕೆ ಉರುಳುತ್ತದೆ. ಸಿಯೆರ್ವಾನ ಮೊದಲ ಯಂತ್ರಗಳು ಕಂಡ ಗತಿಯದು. ಮೇಲೇರಿದ ಮೇಲೆ ಮೂತಿಯನ್ನು ರಭಸದಿಂದ ಕೆಳಕ್ಕೆ ಒತ್ತಬಾರದು. ಹಾಗೆ ಒತ್ತಿದಾಗ ಸುತ್ತುರೆಕ್ಕೆಯ ಮೇಲಿನ ಭಾರ ತಪ್ಪಿ, ಅಡಿಯಿಂದ ಬರುವ ಗಾಳಿ ನಿಂತು, ಸುತ್ತು ಇಳಿಯುತ್ತದೆ. ಇಳಿದ ಸುತ್ತು ಆಕಾಶದಲ್ಲಿ ಮರಳಿ ಬರುವುದು ದುರ್ಲಭ. ಇಳಿಸುವಾಗ ಮೋಟಾರಿನ ವೇಗವನ್ನು ತಗ್ಗಿಸಿದರೆ ಸಾಕು, ಮಾದರಿ ಮಹಾಗನಿಯ ಬೀಜದಂತೆ ಕಡಿದಾಗಿ ಇಳಿದುಬರುತ್ತದೆ. ನೆಲದ ಬಳಿ ಮೂತಿಯನ್ನು ತುಸು ಎತ್ತಬೇಕು. ಮೊದಲ ಕೆಲವು ದಿನ ಅಲಗೊಂದು ನೆಲಕ್ಕೆ ಬಡಿದು ಮುರಿಯುವುದು ಸಹಜವಾದುದರಿಂದ, ಅಲಗುಗಳನ್ನು ಕೆತ್ತುವಾಗಲೇ ಮೂರರ ಬದಲು ನಾಲ್ಕನ್ನು ಕೆತ್ತಿ, ನಾಲ್ಕನೆಯದನ್ನೂ ಅದೇ ತಕ್ಕಡಿಯಲ್ಲಿ ಸರಿತೂಗಿಸಿ ಪೆಟ್ಟಿಗೆಯಲ್ಲಿ ಇಟ್ಟಿರಬೇಕು.